ಕೊಂಡಿ ಹೆಚ್ಚಿದಷ್ಟೂ ದಾರಿ ತಪ್ಪುವುದೇಕೆ

ವಯನಾಡಿನಲ್ಲಿ ಮಳೆ ಜೋರಾಯಿತೆಂದರೆ ಎಚ್.ಡಿ. ಕೋಟೆ, ನಂಜನಗೂಡು ಕಡೆಯ ರೈತರು ಕಬಿನಿ ಜಲಾಶಯ ತುಂಬುವ ದಿನ ಎಣಿಸತೊಡಗುತ್ತಾರೆ. ಈ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ವಯನಾಡಿನ ಬಹುಪಾಲು ನೀರು ಪನಮರಂ ಹೊಳೆ, ಮಾನಂದವಾಡಿ ಹೊಳೆಗಳಾಗಿ ಹರಿದು, ಕೂಡಲ್‌ಕಡವಿನಲ್ಲಿ ಒಂದಾಗಿ ಕಬಿನಿಯಾಗುತ್ತದೆ. ಕೇರಳದ ಹೆಚ್ಚಿನ ನದಿಗಳು ಪಶ್ಚಿಮಕ್ಕೆ ಓಡಿದರೆ ಇದು ಪೂರ್ವಕ್ಕೆ ತಿರುಗಿ, ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆದರೆ 2024ರ ಜುಲೈ 30ರ ನಸುಕಿನಲ್ಲಿ ಇದೇ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿಕೊಂಡು ಹೋದ ನೀರು ಮತ್ತು ಮಣ್ಣು ಕಬಿನಿಯ ಕಡೆ ಬರಲೇ ಇಲ್ಲ. ಅದು ಚಾಲಿಯಾರ್ ನದಿಯ ದಾರಿ ಹಿಡಿದು ಅರಬ್ಬಿ ಸಮುದ್ರದ ಕಡೆ ಹೋಯಿತು. ಎಷ್ಟೋ ದೇಹಗಳು ಪಕ್ಕದ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಆಸುಪಾಸಿನಲ್ಲಿ ಸಿಕ್ಕಿದ್ದು ಈ ಕಾರಣದಿಂದಲೇ. ಒಂದೇ ಜಿಲ್ಲೆ, ಒಂದೇ ಮಳೆಗಾಲ, ಆದರೆ ನೀರು ಸೇರುವ ಕಡಲು ಎರಡು. ಇಂಥ ಒಂದು ಸಂಗತಿ ನಮ್ಮದೇ ಟಿಪ್ಪಣಿಗಳಲ್ಲಿ ಇದ್ದೂ ಬೇಕಾದ ಹೊತ್ತಿಗೆ ಕೈಗೆ ಸಿಗದೆ ಹೋಗುವುದೇಕೆ, ಸಿಗುವಂತೆ ಮಾಡಲು ಏನು ಮಾಡಬೇಕು ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ಕೃತಕ ಬುದ್ಧಿಮತ್ತೆ (ಎಐ) ನಮ್ಮ ಟಿಪ್ಪಣಿಗಳನ್ನು ನೋಡಿಕೊಳ್ಳತೊಡಗಿರುವ ಈ ಕಾಲದಲ್ಲಿ ಆ ಉತ್ತರದ ಅಗತ್ಯ ಹೆಚ್ಚಿದೆ.

ಕಬಿನಿಯ ಒಂದು ದಡದಲ್ಲಿ ವಯನಾಡಿನ ಪುಲ್ಪಳ್ಳಿ ಸೀಮೆ, ಎದುರು ದಡದಲ್ಲಿ ಎಚ್.ಡಿ. ಕೋಟೆಯ ಬೈರಕುಪ್ಪೆ. ಈ ಗಡಿಯಲ್ಲಿ ನೆಲೆಸಿದ, ಕನ್ನಡದಲ್ಲೂ ಮಲಯಾಳದಲ್ಲೂ ಓದುವ ಒಬ್ಬ ಕೃಷಿಕರನ್ನು ಕಲ್ಪಿಸಿಕೊಳ್ಳೋಣ. ಪತ್ರಿಕೆಯ ತುಣುಕುಗಳು, ಪುತ್ತೂರ್‌ವಯಲಿನ ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಭತ್ತದ ಕಿರುಹೊತ್ತಿಗೆಗಳು, ದಿನದಿನದ ಮಳೆ ಲೆಕ್ಕ, ಕಬಿನಿಯ ಒಳಹರಿವು, ಗುಂಡ್ಲುಪೇಟೆ ಕಡೆ ಗುತ್ತಿಗೆಗೆ ಹಿಡಿದ ಶುಂಠಿ ಹೊಲದ ಖರ್ಚು ಎಲ್ಲವನ್ನೂ ಅವರು ಕಂಪ್ಯೂಟರಿನಲ್ಲಿ ಕೂಡಿಡುತ್ತಾರೆ. ಮೂಲ ಕಾಗದಗಳು ಒಂದು ಫೋಲ್ಡರಿನಲ್ಲಿ ಮುಟ್ಟದೆ ಉಳಿಯುತ್ತವೆ. ಅವುಗಳನ್ನು ಓದಿ, ಒಂದೊಂದು ವಿಷಯಕ್ಕೆ ಒಂದೊಂದು ಪುಟ ಬರೆದು, ಪುಟದಿಂದ ಪುಟಕ್ಕೆ ಕೊಂಡಿ ಹಾಕುವ ಕೆಲಸವನ್ನು ಎಐ ಮಾಡುತ್ತದೆ. ಹೊಸ ಕಾಗದ ಬಂದಾಗ ಹಳೆಯ ಪುಟಗಳನ್ನು ತಿದ್ದುವುದೂ ಅದೇ. ಹೇಗೆ ಬರೆಯಬೇಕು, ಏನು ಮಾಡಬಾರದು ಎಂಬ ನಿಯಮಗಳು ಇನ್ನೊಂದು ಫೈಲಿನಲ್ಲಿರುತ್ತವೆ. ಇದೇ ಎಐ ನೋಡಿಕೊಳ್ಳುವ ಸ್ವಂತ ವಿಕಿ. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದಾಗ ಪುಟಗಳನ್ನು ನೋಡಿಕೊಳ್ಳುವ ಶ್ರಮ ಹಲವು ಜನರಲ್ಲಿ ಹಂಚಿಹೋಗುತ್ತಿತ್ತು. ಒಬ್ಬರೇ ವಿಕಿ ಕಟ್ಟಹೊರಟರೆ ಸಾಮಾನ್ಯವಾಗಿ ಸೋಲುತ್ತಿದ್ದುದು ಆ ಶ್ರಮದ ಮುಂದೆಯೇ. ಆ ತೊಡಕನ್ನು ಎಐ ಬಿಡಿಸಿದೆ. ಅದಕ್ಕೆ ಬೇಸರವಿಲ್ಲ, ಇಪ್ಪತ್ತು ಪುಟಗಳಲ್ಲಿ ಒಂದು ಅಂಕಿ ತಿದ್ದಬೇಕೆಂದರೆ ಇಪ್ಪತ್ತನ್ನೂ ತಿದ್ದುತ್ತದೆ.

ತೊಂದರೆ ಶುರುವಾಗುವುದೂ ಈ ಬೇಸರವಿಲ್ಲದ ಗುಣದಿಂದಲೇ. ಮನುಷ್ಯ ಕೊಂಡಿ ಹಾಕುವಾಗ ಯೋಚಿಸುತ್ತಾನೆ, ಏಕೆಂದರೆ ಅದಕ್ಕೆ ಸಮಯ ಹಿಡಿಯುತ್ತದೆ. ಯಂತ್ರಕ್ಕೆ ಆ ತಡೆ ಇಲ್ಲ. ಪುಟದಲ್ಲಿ ಬರುವ ಪ್ರತಿ ಊರಿಗೂ, ಪ್ರತಿ ಬೆಳೆಗೂ, ಪ್ರತಿ ವರ್ಷಕ್ಕೂ ಅದು ಕೊಂಡಿ ಕೊಡಬಲ್ಲದು; ಹಾಗೆ ಕೊಡುವುದು ಒಳ್ಳೆಯದೆಂದು ನಾವೂ ನಂಬಿಬಿಡುತ್ತೇವೆ. 400 ಪುಟಗಳ ವಿಕಿಯಲ್ಲಿ ಎರಡೆರಡು ಪುಟಗಳನ್ನು ಜೋಡಿಸುವ 79,800 ಸಾಧ್ಯತೆಗಳಿವೆ. ಪುಟಕ್ಕೆ 25 ಕೊಂಡಿಯಂತೆ ಹಾಕಿದರೂ ಹತ್ತು ಸಾವಿರ ಕೊಂಡಿಗಳಾದವು. ತೆರೆಯ ಮೇಲೆ ಅದರ ನಕ್ಷೆ ನೋಡಿದರೆ ಜೇಡರ ಬಲೆಯಷ್ಟು ದಟ್ಟವಾಗಿ, ಬಹಳ ಜ್ಞಾನ ಕೂಡಿಟ್ಟ ತೃಪ್ತಿ ಕೊಡುತ್ತದೆ. ಆದರೆ ಶುಂಠಿ ಪುಟದಲ್ಲಿ ನಿಂತವರಿಗೆ ಮುಂದಿನ ಹೆಜ್ಜೆ ಯಾವುದು ಎಂದು ಆ ಇಪ್ಪತ್ತೈದರಲ್ಲಿ ಒಂದೂ ಹೇಳದಿದ್ದರೆ ಆ ದಟ್ಟಣೆಯಿಂದ ಲಾಭವಿಲ್ಲ. ಕೊಂಡಿಗಳು ಹೆಚ್ಚಿದ ಮಾತ್ರಕ್ಕೆ ದಾರಿ ಸಿಗುವುದಿಲ್ಲ; ವಿಕಿಯ ಮಾಲೀಕರೇ ಗೊತ್ತುಮಾಡಿಟ್ಟ ಕೆಲವೇ ದಾರಿಗಳು ಸ್ಥಿರವಾಗಿದ್ದು, ಎಐ ಅವುಗಳನ್ನು ಕಾಯುವ ಕೆಲಸಕ್ಕೆ ನಿಂತಾಗ ಮಾತ್ರ ವಿಕಿಯಲ್ಲಿ ಓಡಾಡಲು ಬರುತ್ತದೆ ಎಂಬುದು ಈ ಅಧ್ಯಾಯದ ವಾದ.

ಇದಕ್ಕೆ ಆಧಾರ ಸಿಗುವುದು ಜಾಲಗಳ ಗಣಿತದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1967ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ದೂರದ ರಾಜ್ಯದ ಜನರ ಕೈಗೆ ಪತ್ರ ಕೊಟ್ಟು, ಬಾಸ್ಟನ್ ಪ್ರದೇಶದ ಒಬ್ಬ ಅಪರಿಚಿತನಿಗೆ ತಮ್ಮ ಪರಿಚಯಸ್ಥರ ಮೂಲಕವೇ ಕೈಯಿಂದ ಕೈಗೆ ದಾಟಿಸಲು ಹೇಳಿದ. ತಲುಪಿದ ಪತ್ರಗಳು ಸರಾಸರಿ ಐದಾರು ಕೈ ಬದಲಿಸಿದ್ದವು. 1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಜ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು: ಹತ್ತಿರದವರ ನಡುವಿನ ಕೊಂಡಿಗಳ ಜೊತೆಗೆ ಅಲ್ಲಲ್ಲಿ ಕೆಲವು ದೂರದ ಕೊಂಡಿಗಳಿದ್ದರೆ ಸಾಕು, ಇಡೀ ಜಾಲ ಚಿಕ್ಕದಾಗಿಬಿಡುತ್ತದೆ. ಎಲ್ಲರೂ ಅಲ್ಲಿಗೇ ತೃಪ್ತರಾಗಿದ್ದಾಗ ಜಾನ್ ಕ್ಲೈನ್‌ಬರ್ಗ್ 2000ದಲ್ಲಿ ಇನ್ನೊಂದು ಪ್ರಶ್ನೆ ಎತ್ತಿದ. ಹತ್ತಿರದ ದಾರಿ ಇದೆ ಎನ್ನುವುದು ಒಂದು ಮಾತು. ಇಡೀ ನಕ್ಷೆ ಕಾಣದ, ತನ್ನ ಸುತ್ತಲಿನ ನಾಲ್ಕು ಕೊಂಡಿ ಮಾತ್ರ ಕಾಣುವ ಒಬ್ಬನಿಗೆ ಆ ದಾರಿ ಸಿಗುತ್ತದೆಯೇ ಎನ್ನುವುದು ಬೇರೆಯೇ ಮಾತು. ಉತ್ತರ ಅಚ್ಚರಿಯದ್ದು. ದೂರದ ಕೊಂಡಿಗಳು ಎಲ್ಲೆಂದರಲ್ಲಿ ಬಿದ್ದಿದ್ದರೆ ಹತ್ತಿರದ ದಾರಿ ಇದ್ದೇ ಇರುತ್ತದೆ, ಆದರೆ ಯಾರಿಗೂ ಸಿಗುವುದಿಲ್ಲ. ಚೌಕಳಿ ಜಾಲದಲ್ಲಿ ದೂರ ಹೆಚ್ಚಿದಂತೆ ಕೊಂಡಿಯ ಸಂಭವ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತಿದ್ದರೆ ಮಾತ್ರ ದಾರಿ ಬೇಗ ಸಿಗುತ್ತದೆ. ಸರಳವಾಗಿ ಹೇಳುವುದಾದರೆ, ಹತ್ತಿರಕ್ಕೆ ಕೆಲವು, ನಡುದೂರಕ್ಕೆ ಕೆಲವು, ಬಹುದೂರಕ್ಕೆ ಕೆಲವು ಕೊಂಡಿಗಳು ಅಳತೆಯರಿತು ಇರಬೇಕು. ವಿಕಿ ಚೌಕಳಿಯಲ್ಲ, ಹಾಗಾಗಿ ಈ ಸೂತ್ರವನ್ನು ಅಕ್ಷರಶಃ ಹೊಂದಿಸಲು ಬಾರದು. ಆದರೂ ಅದರ ತಿರುಳು ನಮಗೆ ಅನ್ವಯಿಸುತ್ತದೆ: ಕೊಂಡಿಗಳ ಹಂಚಿಕೆಗೆ ವಿಷಯದ ಹತ್ತಿರ-ದೂರಗಳ ಜೊತೆ ಸಂಬಂಧವಿಲ್ಲದಿದ್ದರೆ ದಾರಿ ಇದ್ದೂ ಇಲ್ಲದಂತೆ.

ವಿಕಿಯ ಮೇಲೆಯೇ ನಡೆದ ಅಧ್ಯಯನವೂ ಉಂಟು. ವಿಕಿಸ್ಪೀಡಿಯಾ ಎಂಬ ಆಟದಲ್ಲಿ ವಿಕಿಪೀಡಿಯದ ಒಂದು ಪುಟ ಕೊಟ್ಟು, ಕೊಂಡಿಗಳನ್ನಷ್ಟೇ ಒತ್ತುತ್ತಾ ಇನ್ನೊಂದು ಪುಟ ತಲುಪಲು ಹೇಳುತ್ತಾರೆ. ರಾಬರ್ಟ್ ವೆಸ್ಟ್ ಮತ್ತು ಯೂರೆ ಲೆಸ್ಕೊವೆಚ್ ಆಟಗಾರರು ಆಡಿದ ಮೂವತ್ತು ಸಾವಿರಕ್ಕೂ ಹೆಚ್ಚು ಆಟಗಳನ್ನು ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನ ನಡೆಯುವ ರೀತಿಯಲ್ಲಿ ಒಂದು ಕ್ರಮ ಕಂಡಿತು. ಮೊದಲ ಒಂದೆರಡು ಹೆಜ್ಜೆಯಲ್ಲೇ ಅವರು ಬಹಳ ಕೊಂಡಿಗಳು ಕೂಡುವ ಒಂದು ದೊಡ್ಡ ಪುಟಕ್ಕೆ, ಒಂದು ದೇಶದ ಹೆಸರಿಗೋ ಖಂಡದ ಹೆಸರಿಗೋ, ಹಾರುತ್ತಾರೆ. ಅಲ್ಲಿಂದ ಒಂದೊಂದೇ ಹೆಜ್ಜೆ ಗುರಿಯ ವಿಷಯಕ್ಕೆ ಹತ್ತಿರವಾಗುತ್ತಾ ಇಳಿಯುತ್ತಾರೆ. ನಾಲ್ಕು ರಸ್ತೆ ಕೂಡುವ ಇಂಥ ಪುಟವನ್ನು ಜಂಕ್ಷನ್ ಪುಟ ಎಂದು ಕರೆಯೋಣ. ಜಂಕ್ಷನ್‌ಗಳು ಕೆಲವೇ ಇದ್ದು, ಪ್ರತಿ ಸಣ್ಣ ಪುಟದಿಂದಲೂ ಒಂದೇ ಹೆಜ್ಜೆಯಲ್ಲಿ ಅಲ್ಲಿಗೆ ಹತ್ತಲು ಬರುವಂತಿದ್ದರೆ ವಿಕಿಯ ಅರ್ಧ ಸಮಸ್ಯೆ ತೀರಿದಂತೆ. ಎಐಗೆ ಕೊಡುವ ನಿಯಮಗಳಲ್ಲಿ ಮೊದಲನೆಯದು ಇದೇ ಆಗಬೇಕು: ಮೇಲಿನ ಜಂಕ್ಷನ್‌ಗೆ ಕೊಂಡಿ ಇಲ್ಲದ ಪುಟ ಇರಕೂಡದು, ಮತ್ತು ಹೊಸ ಜಂಕ್ಷನ್ ತೆರೆಯುವ ಅಧಿಕಾರ ಮಾಲೀಕರದ್ದು ಮಾತ್ರ.

ಜಂಕ್ಷನ್‌ಗಳು ಯಾವುವು ಎಂಬಲ್ಲಿಗೆ ಬಂದಾಗ ವಯನಾಡು ನಿಜವಾದ ಪರೀಕ್ಷೆ ಒಡ್ಡುತ್ತದೆ. ಯಂತ್ರದ ಪಾಡಿಗೆ ಬಿಟ್ಟರೆ ಅದು ಬಹುಶಃ ಮಾನಂದವಾಡಿ, ಸುಲ್ತಾನ್ ಬತ್ತೇರಿ, ವೈತಿರಿ ಎಂಬ ಮೂರು ತಾಲ್ಲೂಕುಗಳ ಕೆಳಗೆ ಎಲ್ಲವನ್ನೂ ಜೋಡಿಸುತ್ತದೆ. ಸರ್ಕಾರಿ ಕಾಗದಗಳ ರೂಪವೇ ಹಾಗಿರುವುದರಿಂದ ಅದಕ್ಕೆ ಕಾಣುವ ವಿಂಗಡಣೆ ಅದು. ಆಗ ವೈತಿರಿಯ ಮಳೆಯೂ ಮುಂಡಕ್ಕೈಯ ಮಳೆಯೂ ಒಂದೇ ತಾಲ್ಲೂಕಿನ ಲೆಕ್ಕಕ್ಕೆ ಸೇರುತ್ತವೆ. ಆದರೆ ಬೈರಕುಪ್ಪೆಯ ದಡದಲ್ಲಿರುವವರಿಗೆ ಬೇಕಾದ ಮೊದಲ ಪ್ರಶ್ನೆ, ಈ ಮಳೆ ಯಾವ ಹೊಳೆಗೆ ಬೀಳುತ್ತದೆ ಎಂಬುದು. ವೈತಿರಿಯ ಹೊಳೆಯ ನೀರು ಪನಮರಂ ಮೂಲಕ ನಮ್ಮ ಕಡೆ ಬರುತ್ತದೆ, ಮುಂಡಕ್ಕೈಯದು ಬರುವುದಿಲ್ಲ. ಬಾಣಾಸುರ ಸಾಗರದಲ್ಲಿ ನಿಂತ ಕಬಿನಿ ಕಣಿವೆಯ ನೀರಿನಲ್ಲೂ ಒಂದು ಪಾಲನ್ನು ಕುಟ್ಟ್ಯಾಡಿ ಯೋಜನೆಗಾಗಿ ಪಶ್ಚಿಮಕ್ಕೆ ತಿರುಗಿಸುತ್ತಾರೆ. ತಾಲ್ಲೂಕಿನ ಜಂಕ್ಷನ್‌ನಿಂದ ಹೊರಟವರಿಗೆ ಇದೊಂದೂ ಕಾಣದು. ಜಲಾನಯನದ ಜಂಕ್ಷನ್‌ನಿಂದ ಹೊರಟವರಿಗೆ ಮೊದಲ ಹೆಜ್ಜೆಯಲ್ಲೇ ಕಾಣುತ್ತದೆ. ಹಾಗೆಂದು ತಾಲ್ಲೂಕನ್ನು ಕೈಬಿಡಲೂ ಆಗದು, ಪರಿಹಾರದ ಅರ್ಜಿಯಿಂದ ಹಿಡಿದು ಬೆಳೆ ವಿಮೆಯ ತನಕ ಎಲ್ಲ ವ್ಯವಹಾರವೂ ಆ ವಿಂಗಡಣೆಯಲ್ಲೇ ನಡೆಯುತ್ತದೆ.

ಒಂದು ವಸ್ತುವಿಗೆ ಒಂದೇ ಕಪಾಟು ಎಂಬ ಕಟ್ಟುಪಾಡನ್ನು ಮುರಿದವರು ನಮ್ಮವರೇ ಆದ ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು, 1962ರಲ್ಲಿ ಅಲ್ಲಿ ದಾಖಲೆ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನೂ ಕಟ್ಟಿದರು. ವಿಷಯವನ್ನು ಮೊದಲೇ ಮಾಡಿಟ್ಟ ಖಾನೆಗೆ ತುರುಕುವ ಬದಲು ಅದರ ಮುಖಗಳನ್ನು ಬಿಡಿಸಬೇಕು, ಆಮೇಲೆ ಬೇಕಾದಂತೆ ಜೋಡಿಸಬೇಕು ಎಂಬುದು ಅವರ ದಾರಿ. ಮುಂದೆ ಆ ಮುಖಗಳನ್ನು ಅವರು ಐದಕ್ಕೆ ಇಳಿಸಿದರು, ಅವುಗಳಲ್ಲಿ ಸ್ಥಳ ಮತ್ತು ಕಾಲ ಎರಡು. ಗ್ರಂಥಾಲಯ ಬೆಳೆಯುವ ಜೀವಿ, ಓದುಗರ ಸಮಯ ಉಳಿಸಬೇಕು ಎಂಬ ಅವರ 1931ರ ಸೂತ್ರಗಳು ಇವತ್ತಿನ ವಿಕಿಗೆಂದೇ ಹೇಳಿದಂತಿವೆ. ಮರದ ಕಪಾಟಿನಲ್ಲಿ ಪುಸ್ತಕ ಎರಡು ಕಡೆ ನಿಲ್ಲಲಾರದು. ವಿಕಿಯ ಪುಟ ಎರಡು ಜಂಕ್ಷನ್‌ಗಳಿಗೆ ಸೇರಿರಬಲ್ಲದು. ಹಾಗಾಗಿ ನಮ್ಮ ಕೃಷಿಕರ ವಿಕಿಗೆ ಜಲಾನಯನ, ಆಡಳಿತ, ಬೆಳೆ, ಋತು ಎಂಬ ನಾಲ್ಕು ಮುಖಗಳು ಸಾಕು. ಪ್ರತಿ ಪುಟದ ನೆತ್ತಿಯಲ್ಲೂ ಈ ನಾಲ್ಕಕ್ಕೆ ಉತ್ತರವಿರಬೇಕು, ಉತ್ತರವಿಲ್ಲದ ಕಡೆ ಖಾಲಿ ಬಿಡಬೇಕು. ಈ ನಾಲ್ಕನ್ನು ಆರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಗದು, ಏಕೆಂದರೆ ಮುಖಗಳು ಹುಟ್ಟುವುದು ಕಾಗದಗಳಿಂದಲ್ಲ, ಆ ಮನುಷ್ಯ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಂದ.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಶೀರ್ಷಿಕೆ: ಮುಂಡಕ್ಕೈ. ನೆತ್ತಿಯಲ್ಲಿ ಜಲಾನಯನ ಚಾಲಿಯಾರ್, ಆಡಳಿತ ಮೇಪ್ಪಾಡಿ ಪಂಚಾಯಿತಿ, ವೈತಿರಿ ತಾಲ್ಲೂಕು. ಮೊದಲ ವಾಕ್ಯದಲ್ಲೇ ಇಡೀ ಪುಟದ ಸಾರ: 2024ರ ಜುಲೈ 30ರ ಭೂಕುಸಿತದ ಊರು, ಇಲ್ಲಿಯ ನೀರು ಕಬಿನಿಗೆ ಬರುವುದಿಲ್ಲ. ಅದರ ಕೆಳಗೆ ಸಂಗತಿಗಳು, ಪ್ರತಿಯೊಂದರ ಪಕ್ಕದಲ್ಲೂ ಅದು ಬಂದ ಮೂಲ ಕಾಗದದ ಹೆಸರು ಮತ್ತು ದಿನಾಂಕ. ಕಲ್ಪೆಟ್ಟದ ಹ್ಯೂಮ್ ಕೇಂದ್ರ ಜಿಲ್ಲೆಯಾದ್ಯಂತ ಸುಮಾರು 200 ಕಡೆ ಮಳೆ ಅಳೆಯುವ ಜಾಲ ನಡೆಸುತ್ತದೆ. ಅದರ ಅಳತೆಯಂತೆ ಕುಸಿತಕ್ಕೆ ಮೊದಲ 48 ಗಂಟೆಗಳಲ್ಲಿ ಬಿದ್ದ ಮಳೆ 572 ಮಿಲಿಮೀಟರ್. ಇಸ್ರೊದ ಉಪಗ್ರಹ ಚಿತ್ರಗಳ ಪ್ರಕಾರ ಕುಸಿತ ಶುರುವಾದದ್ದು 1,550 ಮೀಟರ್ ಎತ್ತರದಲ್ಲಿ, ಜಾರಿದ ನೆಲ ಸುಮಾರು 86,000 ಚದರ ಮೀಟರ್, ಅವಶೇಷ ಹರಿದ ದೂರ ಸುಮಾರು 8 ಕಿಲೋಮೀಟರ್, ಮತ್ತು ಅದೇ ಜಾಗದಲ್ಲಿ ಹಳೆಯ ಕುಸಿತದ ಗುರುತು ಮೊದಲೇ ಇತ್ತು. ಇನ್ನು ಕೊಂಡಿಗಳು. ಮೇಲಕ್ಕೆ ಎರಡು: ಚಾಲಿಯಾರ್, ಮೇಪ್ಪಾಡಿ. ಪಕ್ಕಕ್ಕೆ ಎರಡು: ಅದೇ ಮುಂಡಕ್ಕೈಯ 1984ರ ಭೂಕುಸಿತ, ಅದೇ ಪಂಚಾಯಿತಿಯ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು 17 ಜನರನ್ನು ಬಲಿತೆಗೆದುಕೊಂಡ ಭೂಕುಸಿತ. ದೂರಕ್ಕೆ ಎರಡು: ಕೊಡಗಿನ 2018ರ ಆಗಸ್ಟ್ ತಿಂಗಳ ಕುಸಿತಗಳು, ಮತ್ತು ವೈತಿರಿ ತಾಲ್ಲೂಕನ್ನು ಅತಿ ಸೂಕ್ಷ್ಮ ವಲಯದಲ್ಲಿ ಇರಿಸಿದ ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿ. ಒಟ್ಟು ಆರೇ ಕೊಂಡಿ. ಪ್ರತಿ ಕೊಂಡಿಯ ಪಕ್ಕದಲ್ಲೂ ಅಲ್ಲಿಗೆ ಏಕೆ ಹೋಗಬೇಕು ಎಂಬ ಅರ್ಧ ವಾಕ್ಯ. ಈ ಪುಟ ಮೊದಲೇ ಇದ್ದಿದ್ದರೆ ಜೀವಗಳು ಉಳಿಯುತ್ತಿದ್ದವು ಎನ್ನುವುದು ಸಲ್ಲದ ಮಾತು. ಜನರನ್ನು ಉಳಿಸುವುದು ಆಡಳಿತದ ತೀರ್ಮಾನಗಳು, ಯಾರದೋ ಸ್ವಂತ ಟಿಪ್ಪಣಿಯಲ್ಲ. ಆದರೆ 1984, 2019, 2024 ಎಂಬ ಮೂರು ವರ್ಷಗಳು ಬೇರೆ ಬೇರೆ ಕಾಗದಗಳಲ್ಲಿ ಚದುರಿದ್ದರೆ ಮೂರು ಅಪಘಾತಗಳಾಗಿ ಕಾಣುತ್ತವೆ, ಒಂದು ಪುಟದಲ್ಲಿ ಎದುರುಬದುರು ನಿಂತರೆ ಒಂದು ಬೆಟ್ಟದ ಸ್ವಭಾವವಾಗಿ ಕಾಣುತ್ತವೆ.

ಆ ಅರ್ಧ ವಾಕ್ಯದ ಬೆಲೆ ದೊಡ್ಡದು. 1990ರ ದಶಕದಲ್ಲಿ ಪೀಟರ್ ಪಿರೊಲ್ಲಿ ಮತ್ತು ಸ್ಟುವರ್ಟ್ ಕಾರ್ಡ್ ಎಂಬಿಬ್ಬರು ಮನುಷ್ಯ ಮಾಹಿತಿ ಹುಡುಕುವ ಕ್ರಮವನ್ನು ಪ್ರಾಣಿಗಳು ಮೇವು ಅರಸುವ ಕ್ರಮದ ಲೆಕ್ಕಾಚಾರದಿಂದ ವಿವರಿಸಿದರು. ಕೊಂಡಿಯ ಮೇಲೆ ಬರೆದ ಪದಗಳು ಆಚೆ ಏನಿದೆ ಎಂಬ ವಾಸನೆ ಕೊಡುತ್ತವೆ. ವಾಸನೆ ಗಟ್ಟಿಯಾಗಿದ್ದರೆ ಜನ ಮುಂದೆ ಹೋಗುತ್ತಾರೆ, ಕ್ಷೀಣಿಸಿದರೆ ಆ ಜಾಗವನ್ನೇ ಬಿಟ್ಟುಬಿಡುತ್ತಾರೆ. ವಿಕಿಯ ಸೂಚಿಪುಟದಲ್ಲಿ "ಗಂಧಕಶಾಲ" ಎಂಬ ಬರಿಯ ಹೆಸರಿದ್ದರೆ ಹೊಸಬರಿಗೆ ಏನೂ ತಿಳಿಯದು. "ಗಂಧಕಶಾಲ: ವಯನಾಡಿನ ಪರಿಮಳದ ಭತ್ತ, ಭೌಗೋಳಿಕ ಗುರುತು ಪಡೆದದ್ದು, ಜೀರಕಶಾಲದ ಜೊತೆ ಹೋಲಿಸಿ ನೋಡಿ" ಎಂದಿದ್ದರೆ ಮುಂದೆ ಹೋಗಬೇಕೋ ಬೇಡವೋ ಎಂದು ಅಲ್ಲೇ ತೀರ್ಮಾನಿಸಬಹುದು. ಇಂಥ ಒಂದು ಸಾಲನ್ನು ನಾಲ್ಕು ನೂರು ಪುಟಗಳಿಗೂ ಬರೆದು, ಪುಟ ಬದಲಾದಾಗಲೆಲ್ಲ ತಿದ್ದುವುದು ಮನುಷ್ಯರಿಗೆ ಆಗದ ಕೆಲಸ. ಎಐ ನಿಜವಾಗಿ ಒದಗುವುದು ಇಂಥಲ್ಲಿ, ಮತ್ತು ಅದರ ಶಕ್ತಿಯನ್ನು ಖರ್ಚು ಮಾಡಬೇಕಾದದ್ದೂ ಇಲ್ಲೇ.

ಇಷ್ಟೆಲ್ಲ ಏಕೆ, ಹುಡುಕಿದರೆ ಸಿಗುವುದಿಲ್ಲವೇ ಎಂಬ ಆಕ್ಷೇಪ ಬಲವಾದದ್ದು, ಅದಕ್ಕೆ ಪ್ರಯೋಗದ ಬೆಂಬಲವೂ ಇದೆ. ಸ್ಟೀವ್ ವಿಟೇಕರ್ ಮತ್ತು ಸಂಗಡಿಗರು 2011ರಲ್ಲಿ 345 ಜನರ ಇ-ಮೇಲ್ ಬಳಕೆಯನ್ನು ಪರಿಶೀಲಿಸಿದಾಗ, ಅಚ್ಚುಕಟ್ಟಾಗಿ ಫೋಲ್ಡರ್ ಮಾಡಿಟ್ಟವರು ಹಳೆಯ ಪತ್ರ ಹುಡುಕುವುದರಲ್ಲಿ ಉಳಿದವರಿಗಿಂತ ಹೆಚ್ಚು ಯಶಸ್ವಿಯಾಗಿರಲಿಲ್ಲ. ಅವರ ಶ್ರಮ ಬಹುಪಾಲು ವ್ಯರ್ಥವಾಗಿತ್ತು. ಇದನ್ನು ಒಪ್ಪಬೇಕು. ಇ-ಮೇಲಿನಲ್ಲಿ ನಾವು ಅರಸುವುದು ನೋಡಿದ್ದ, ಬರೆದವರ ಹೆಸರು ನೆನಪಿರುವ ಒಂದು ಪತ್ರವನ್ನು. ಅಲ್ಲಿ ಹುಡುಕಾಟ ಗೆಲ್ಲುವುದು ಸಹಜ. ಆದರೆ ಸ್ವಂತ ಫೈಲುಗಳ ವಿಷಯದಲ್ಲಿ ಇದೇ ವಿಟೇಕರ್, ಓಫರ್ ಬರ್ಗ್‌ಮನ್ ಮೊದಲಾದವರ ಜೊತೆ 2008ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ: ಹುಡುಕುವ ತಂತ್ರಾಂಶ ಎಷ್ಟು ಸುಧಾರಿಸಿದರೂ ಜನ ಫೋಲ್ಡರ್‌ನಿಂದ ಫೋಲ್ಡರ್‌ಗೆ ನಡೆದೇ ಹೋಗುತ್ತಾರೆ, ಇಟ್ಟ ಜಾಗ ಮರೆತಾಗ ಮಾತ್ರ ಹುಡುಕಾಟದ ಮೊರೆ ಹೊಗುತ್ತಾರೆ. ಎಐ ಬರೆದ ವಿಕಿಯಲ್ಲಂತೂ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಪುಟ ಬರೆದದ್ದು ನಾವಲ್ಲ. ಅದರಲ್ಲಿರುವ ಪದಗಳು ನಮ್ಮ ನೆನಪಿನಲ್ಲಿಲ್ಲ. ಯಾವ ಪದ ಹಾಕಿ ಹುಡುಕಬೇಕೆಂಬುದೇ ಗೊತ್ತಿರುವುದಿಲ್ಲ. ಕನ್ನಡದಲ್ಲಿ ಈ ತೊಡಕು ಇಮ್ಮಡಿ. ವಯನಾಡ್, ವಯನಾಡು, ವೈನಾಡು ಎಂದು ಮೂರು ಬಗೆಯ ಬರವಣಿಗೆ, ಕಬಿನಿಯೇ ಕಪಿಲೆ, ವಿಭಕ್ತಿ ಸೇರಿದೊಡನೆ ಪದದ ರೂಪ ಬೇರೆ. ಆದ್ದರಿಂದ ಹುಡುಕಾಟವನ್ನೇ ನೆಚ್ಚಿದವರಿಗೂ ಹೆಸರುಗಳ ವ್ಯವಸ್ಥೆ ಬೇಕೇ ಬೇಕು. ಒಂದು ಹೆಸರಿಗೆ ಪುಟ, ಉಳಿದ ಹೆಸರುಗಳಿಂದ ಆ ಪುಟಕ್ಕೆ ನೇರ ರವಾನೆ ಎಂಬ ನಿಯಮವನ್ನು ಮೊದಲ ದಿನವೇ ಹಾಕದಿದ್ದರೆ ಎಐ ಕಬಿನಿಗೆ ಒಂದು ಪುಟ, ಕಪಿಲೆಗೆ ಇನ್ನೊಂದು ಪುಟ ಬರೆದು, ಎರಡರಲ್ಲೂ ಅರ್ಧರ್ಧ ಸಂಗತಿ ತುಂಬುತ್ತದೆ.

ನಾವು ನಡೆಯುವುದೇ ಬೇಡ, ಎಐಯನ್ನೇ ಕೇಳಿದರೆ ಇಡೀ ವಿಕಿ ಓದಿ ಉತ್ತರ ಹೇಳುತ್ತದಲ್ಲ ಎಂಬುದು ಇದೇ ಆಕ್ಷೇಪದ ಹೊಸ ರೂಪ. ಆದರೆ ಯಂತ್ರಕ್ಕೂ ಒಮ್ಮೆಗೆ ಓದುವ ಮಿತಿ ಇದೆ, ಓದಿದ್ದೆಲ್ಲ ಅದಕ್ಕೆ ಸಮನಾಗಿ ಗಮನಕ್ಕೆ ಬರುವುದೂ ಇಲ್ಲ. 2023ರಲ್ಲಿ ನೆಲ್ಸನ್ ಲಿಯು ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ ಭಾಷಾ ಮಾದರಿಗಳು ಉದ್ದದ ಪಠ್ಯದ ಆರಂಭ ಮತ್ತು ಕೊನೆಯಲ್ಲಿದ್ದ ಸಂಗತಿಯನ್ನು ಚೆನ್ನಾಗಿ ಬಳಸಿದವು, ನಡುವೆ ಹುದುಗಿದ್ದನ್ನು ಹೆಚ್ಚಾಗಿ ತಪ್ಪಿಸಿಕೊಂಡವು. ನಂತರದ ಮಾದರಿಗಳು ಸುಧಾರಿಸಿರಬಹುದು, ಆದರೂ ನಾಲ್ಕು ನೂರು ಪುಟ ಸುರಿಯುವುದಕ್ಕಿಂತ ಸಂಬಂಧಪಟ್ಟ ನಾಲ್ಕನ್ನು ಕೊಡುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು. ಕನ್ನಡಕ್ಕೆ ಇಲ್ಲೂ ಒಂದು ಹೆಚ್ಚಿನ ಹೊರೆಯಿದೆ. ಕಂಪ್ಯೂಟರು ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರ, ಗುಣಿತ ಚಿಹ್ನೆಗೂ 3 ಬೈಟ್ ಬೇಕು. "ಕಬಿನಿ" ಎಂದು ಕನ್ನಡದಲ್ಲಿ ಬರೆದರೆ 15 ಬೈಟ್, ಅದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ 6. ಎಷ್ಟೋ ಮಾದರಿಗಳು ಕನ್ನಡ ಪದವನ್ನು ಹೆಚ್ಚು ತುಂಡುಗಳಾಗಿ ಒಡೆದು ಓದುವುದರಿಂದ ಒಂದೇ ಮಾತಿಗೆ ಹೆಚ್ಚು ಜಾಗ ಖರ್ಚಾಗುತ್ತದೆ. ಹೀಗಾಗಿ ಒಂದು ಸಣ್ಣ ಮುಖ್ಯ ಸೂಚಿ, ಅದರಿಂದ ಜಂಕ್ಷನ್, ಜಂಕ್ಷನ್‌ನಿಂದ ಪುಟ ಎಂಬ ಮೂರು ಹಂತ ಮನುಷ್ಯನ ಕಣ್ಣಿಗೆ ಎಷ್ಟು ಹಿತವೋ ಯಂತ್ರದ ಓದಿಗೂ ಅಷ್ಟೇ ಹಿತ. ಅದಕ್ಕಿಂತ ಮುಖ್ಯವಾಗಿ, ಯಂತ್ರ ಉತ್ತರ ಹೇಳಿದಾಗ ಅದು ಸರಿಯೇ ಎಂದು ನೋಡಲು ನಾವು ಪುಟಕ್ಕೆ, ಪುಟದಿಂದ ಮೂಲ ಕಾಗದಕ್ಕೆ ಹೋಗಲೇಬೇಕು. ದಾರಿಯೇ ಇಲ್ಲದ ಕಡೆ ನಂಬುವುದೊಂದೇ ಉಳಿಯುತ್ತದೆ.

ಇನ್ನು ಕೆಲವರು, ವ್ಯವಸ್ಥೆಯನ್ನೂ ಎಐಗೇ ಬಿಡಿ, ಪುಟಗಳು ಹೆಚ್ಚಿದಂತೆ ಅದು ತಾನೇ ಮರುಜೋಡಣೆ ಮಾಡಲಿ ಎನ್ನುತ್ತಾರೆ. ಇದು ನನಗೆ ಎಲ್ಲಕ್ಕಿಂತ ಅಪಾಯದ ಸಲಹೆಯಾಗಿ ಕಾಣುತ್ತದೆ. ಯೇಲ್ ಬೆನ್ ಮತ್ತು ಸಂಗಡಿಗರು 2015ರಲ್ಲಿ, ಜನ ಫೋಲ್ಡರ್‌ಗಳ ಮೂಲಕ ತಮ್ಮ ಫೈಲಿಗೆ ಹೋಗುತ್ತಿರುವಾಗ ಅವರ ಮಿದುಳಿನ ಚಟುವಟಿಕೆಯನ್ನು ಎಂಆರ್‌ಐ ಮೂಲಕ ನೋಡಿದರು. ನಿಜವಾದ ಊರುಕೇರಿಯಲ್ಲಿ ದಾರಿ ಹಿಡಿದು ನಡೆಯುವಾಗ ಕೆಲಸ ಮಾಡುವ ಹಿಂಭಾಗದ ಪ್ರದೇಶಗಳೇ ಆಗಲೂ ಚುರುಕಾದವು. ಪದ ಹಾಕಿ ಹುಡುಕುವಾಗ ಚುರುಕಾದದ್ದು ಭಾಷೆಗೆ ಸಂಬಂಧಿಸಿದ ಎಡ ಮುಂಭಾಗ. ಅಂದರೆ ಜಾಗ ಗೊತ್ತಿದ್ದ ಪುಟಕ್ಕೆ ನಡೆಯುವುದು ಮಿದುಳಿಗೆ ಬಹು ಹಳೆಯ, ಸಲೀಸಾದ ಕೆಲಸ. ನಡೆಯುತ್ತಿರುವಾಗ ಯೋಚನೆ ಮತ್ತು ಮಾತಿನ ಭಾಗ ಬೇರೆ ಕೆಲಸಕ್ಕೆ ಬಿಡುವಾಗಿರುತ್ತದೆ. ಈ ಅನುಕೂಲ ಉಳಿಯಬೇಕಾದರೆ ಜಾಗಗಳು ಅಲುಗಬಾರದು. ವಾರಕ್ಕೊಮ್ಮೆ ಮರುಜೋಡಣೆಯಾಗುವ ವಿಕಿ, ಮನೆಗೆ ಬಂದ ನೆಂಟರು ಅಡುಗೆಮನೆಯ ಡಬ್ಬಗಳನ್ನು ತಮಗೆ ಸರಿತೋರಿದಂತೆ ಜೋಡಿಸಿಟ್ಟು ಹೋದ ಹಾಗೆ. ಜೋಡಣೆ ಚೆನ್ನಾಗಿಯೇ ಇರಬಹುದು, ಆದರೆ ಸಾಸಿವೆಗಾಗಿ ಚಾಚಿದ ಕೈಗೆ ಸಾಸಿವೆ ಸಿಗುವುದಿಲ್ಲ. ಎಐ ಪ್ರತಿ ಸಲ ಕೂತಾಗಲೂ ಹೊಸದಾಗಿ ಕೂರುತ್ತದೆ. ನಿನ್ನೆ ಏಕೆ ಹೀಗೆ ಜೋಡಿಸಿತ್ತು ಎಂಬುದು ಬರೆದಿಡದ ಹೊರತು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಪುಟದ ಹೆಸರು, ಜಂಕ್ಷನ್, ಮುಖಗಳು ಈ ಮೂರನ್ನು ಅದು ಮುಟ್ಟಕೂಡದು. ಬದಲಾವಣೆ ಬೇಕೆನಿಸಿದರೆ ಸಲಹೆ ಬರೆದಿಡಲಿ, ತೀರ್ಮಾನ ಮಾಲೀಕರು ಮಾಡಲಿ.

ಪುಟದೊಳಗಿನ ಸಂಗತಿಗಳನ್ನು ಮಾತ್ರ ಅದು ಧಾರಾಳವಾಗಿ ತಿದ್ದಬಹುದು, ಆದರೆ ಸದ್ದಿಲ್ಲದೆ ಅಳಿಸಬಾರದು. ಮುಂಡಕ್ಕೈ ದುರಂತದ ಮೊದಲ ದಿನದ ವರದಿಗಳಲ್ಲಿ ಸಾವಿನ ಸಂಖ್ಯೆ ನೂರು ದಾಟಿತ್ತು. ಕಾಣೆಯಾದವರನ್ನೂ ಸೇರಿಸಿಕೊಂಡ ಮೇಲಿನ ಲೆಕ್ಕ ಮುನ್ನೂರರ ಸಮೀಪ ಬಂತು. ನಡುವಣ ತಿಂಗಳುಗಳಲ್ಲಿ ಹಲವು ಅಂಕಿಗಳು ಬಂದವು, ಪ್ರತಿಯೊಂದೂ ಆಯಾ ದಿನಕ್ಕೆ ಸರಿಯೇ. ಹೊಸ ಅಂಕಿ ಬಂದೊಡನೆ ಹಳೆಯದನ್ನು ಒರೆಸಿಹಾಕಿದ ಪುಟದಲ್ಲಿ ಯಾವುದು ಯಾವಾಗಿನದು ಎಂದು ತಿಳಿಯದು. ಎಲ್ಲವನ್ನೂ ಹಾಗೇ ಬಿಟ್ಟ ಪುಟ ತನಗೆ ತಾನೇ ವಿರುದ್ಧವಾಗಿ ಮಾತಾಡುತ್ತದೆ. ಇತ್ತೀಚಿನ ಅಂಕಿ ಮೇಲೆ, ಹಿಂದಿನವು ದಿನಾಂಕದೊಡನೆ ಕೆಳಗೆ, ಮತ್ತು ಯಾವ ಕಾಗದ ಬಂದು ಯಾವ ಪುಟ ಬದಲಾಯಿತು ಎಂಬ ದಿನಚರಿ ಬೇರೊಂದು ಫೈಲಿನಲ್ಲಿ ಇದ್ದರೆ ಈ ಗೊಂದಲವಿರದು.

ಕಡೆಯ ಆಕ್ಷೇಪ ನೈತಿಕವಾದದ್ದು, ಅದನ್ನು ಹಗುರಾಗಿ ದಾಟಬಾರದು. ವಯನಾಡಿನ ಭತ್ತದ ತಿಳಿವಳಿಕೆ ಬಹುಪಾಲು ಕುರಿಚ್ಯ, ಕುರುಮ ಮೊದಲಾದ ಸಮುದಾಯಗಳ ಕೈಯಲ್ಲಿ ಉಳಿದುಬಂದದ್ದು. ಮಾನಂದವಾಡಿ ಬಳಿಯ ಕಮ್ಮನದ ಚೆರುವಯಲ್ ರಾಮನ್ ಐವತ್ತಕ್ಕೂ ಹೆಚ್ಚು ನಾಟಿ ತಳಿಗಳನ್ನು ಬೆಳೆದು ಕಾಪಾಡಿದ್ದಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಪಡೆದರು. ಅವರಂಥವರ ಗದ್ದೆಯಲ್ಲಿ ಯಾವ ತಳಿ ಯಾವ ಗದ್ದೆಗೆ, ಯಾವ ಮಳೆಗೆ ಎಂಬ ತಿಳಿವಳಿಕೆ ಪ್ರತಿ ವರ್ಷದ ಬಿತ್ತನೆಯಲ್ಲಿ ಜೀವಂತವಾಗಿದೆ. ಅದನ್ನು ಪುಟ, ಮುಖ, ಕೊಂಡಿಗಳಾಗಿ ಬಿಡಿಸಿಡುವುದು ಅರಿವನ್ನು ಒಣಗಿಸಿದಂತಲ್ಲವೇ, ಸುಲಭವಾಗಿ ಓಡಾಡಲು ಬರುವ ವಿಕಿಯಿಂದ ಸುಲಭವಾಗಿ ಕದಿಯಲೂ ಬರುವುದಿಲ್ಲವೇ? ಮೊದಲ ಮಾತನ್ನು ಒಪ್ಪುತ್ತೇನೆ. ವಿಕಿ ಆ ಗದ್ದೆಗೆ ಬದಲಿಯಾಗಲಾರದು, ಕೇಳಿ ಬರೆದುಕೊಂಡವರ ನೆನಪಿಗೆ ಮಾತ್ರ ಆಸರೆ. ಎರಡನೆಯದಕ್ಕೆ ಉತ್ತರ ವ್ಯವಸ್ಥೆಯೊಳಗೇ ಇರಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಮಾಡುವಾಗಲೂ ಎದ್ದ ಪ್ರಶ್ನೆ ಇದೇ. ನಾಲ್ಕು ಮುಖಗಳ ಜೊತೆಗೆ ಐದನೆಯದೊಂದು ಬೇಕು: ಯಾರು ಹೇಳಿದ್ದು, ಯಾರಿಗೆ ಹೇಳಬಹುದು. ಹೇಳಿದವರು ಹೊರಗೆ ಹೋಗಬಾರದೆಂದು ಬಯಸಿದ ಸಂಗತಿಯನ್ನು ದೂರದ ಸರ್ವರಿನ ಎಐಗೆ ಓದಲು ಕೊಡಲೇಬಾರದು. ಅದು ಕೈಬರಹದ ಪುಸ್ತಕದಲ್ಲಿರಲಿ, ವಿಕಿಯಲ್ಲಿ ಅದರ ಹೆಸರೂ ಬೇಡ.

ನೂರು ಪುಟ ಮೀರದ ವಿಕಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಒಂದೇ ಸೂಚಿಪುಟ ಕಣ್ಣಳತೆಯಲ್ಲಿ ಎಲ್ಲವನ್ನೂ ತೋರಿಸುತ್ತದೆ. ಆದರೆ ಎಐ ಕೈಗೆ ಕಾಗದ ಕೊಡುತ್ತಾ ಹೋದರೆ ನೂರು ದಾಟುವುದು ಬಹಳ ಬೇಗ, ಮತ್ತು ಮುಖಗಳನ್ನು ನಾಲ್ಕು ನೂರು ಪುಟವಾದ ಮೇಲೆ ಹಚ್ಚುವುದು ಕಷ್ಟ. ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವಿಕಿಸ್ಪೀಡಿಯಾದ ಆಟವನ್ನೇ ಬಳಸಬಹುದು. ತಿಂಗಳಿಗೊಮ್ಮೆ ನಿಮ್ಮ ವಿಕಿ ಎಂದೂ ನೋಡದ ಮನೆಯವರೊಬ್ಬರನ್ನು ಕೂರಿಸಿ, ಹುಡುಕುವ ಪೆಟ್ಟಿಗೆ ಮುಚ್ಚಿ, ಒಂದು ಪ್ರಶ್ನೆ ಕೊಡಿ: ಇವತ್ತು ಮೇಪ್ಪಾಡಿಯಲ್ಲಿ ಬಿದ್ದ ಮಳೆಯಲ್ಲಿ ಕಬಿನಿಗೆ ಬರುವುದು ಯಾವ ಭಾಗದ್ದು? ಮುಖ್ಯ ಸೂಚಿಯಿಂದ ಹೊರಟು ಮೂರು ಹೆಜ್ಜೆಯಲ್ಲಿ ತಲುಪಿದರೆ ಸರಿ. ತಲುಪದಿದ್ದರೆ ಅವರು ಎಲ್ಲಿ ತಡವರಿಸಿದರು, ಯಾವ ಕೊಂಡಿಯನ್ನು ತಪ್ಪಾಗಿ ಒತ್ತಿದರು ಎಂದು ಬರೆದುಕೊಳ್ಳಿ. ಅದೇ ಪ್ರಶ್ನೆಯನ್ನು ಎಐಗೂ, ಮುಖ್ಯ ಸೂಚಿ ಮಾತ್ರ ಕೊಟ್ಟು, ಮುಂದೆ ಯಾವ ಪುಟ ತೆರೆಯಲಿ ಎಂದು ಅದರಿಂದಲೇ ಕೇಳಿಸಿಕೊಳ್ಳುತ್ತಾ ಹಾಕಿ ನೋಡಿ. ಇಬ್ಬರೂ ಒಂದೇ ಕಡೆ ಎಡವಿದರೆ ಆ ಜಂಕ್ಷನ್‌ನ ಸಾಲುಗಳನ್ನು ಮತ್ತೆ ಬರೆಯಬೇಕು. ಮನುಷ್ಯರೊಬ್ಬರೇ ಎಡವಿದರೆ ಹೆಸರು ನಿಮ್ಮ ಮನೆಮಾತಿಗೆ ದೂರವಾಗಿದೆ, ಯಂತ್ರವೊಂದೇ ಎಡವಿದರೆ ಸೂಚಿ ಬಹಳ ಉದ್ದವಾಗಿರುವ ಸಂಭವ ಹೆಚ್ಚು.